ಉಪ್ಪು ನೀರಾಗುವ ಊರಲ್ಲಿ ಪೆರೊವ್‌ಸ್ಕೈಟ್ ಎಕ್ಸ್-ರೇ ಡಿಟೆಕ್ಟರ್

ಜುಲೈ ತಿಂಗಳಲ್ಲಿ ಕಾರವಾರದ ಯಾವ ಅಡುಗೆಮನೆಯ ಉಪ್ಪಿನ ಭರಣಿ ತೆರೆದರೂ ತಳದಲ್ಲಿ ನೀರು ನಿಂತಿರುತ್ತದೆ. ಗಾಳಿಯ ತೇವಾಂಶ ಶೇ. 75 ದಾಟಿತೆಂದರೆ ಶುದ್ಧ ಸೋಡಿಯಂ ಕ್ಲೋರೈಡ್ ಕೂಡ ನೀರು ಎಳೆದುಕೊಂಡು ಕರಗತೊಡಗುತ್ತದೆ. ಸಾಣಿಕಟ್ಟಾದ ಹರಳುಪ್ಪಿನಲ್ಲಿ ಸಮುದ್ರದ ಮೆಗ್ನೀಸಿಯಂ ಕ್ಲೋರೈಡೂ ಒಂದಿಷ್ಟು ಇರುವುದರಿಂದ ಅದು ಇನ್ನೂ ಮೊದಲೇ ಒದ್ದೆಯಾಗುತ್ತದೆ. ಎಕ್ಸ್-ರೇ ಹಿಡಿಯಲೆಂದು ಬೆಳೆಸುವ ಲೋಹ ಹ್ಯಾಲೈಡ್ ಪೆರೊವ್‌ಸ್ಕೈಟ್ ಹರಳೂ ಒಂದು ಬಗೆಯ ಉಪ್ಪೇ. ಎಣ್ಣೆಯ ತೊಟ್ಟಿಯಲ್ಲಿ 80 ಡಿಗ್ರಿಗೆ ಹುಟ್ಟುವಂಥದ್ದು, ಕಿತ್ತಳೆ ಬಣ್ಣದ್ದು, ಸೀಸ ತುಂಬಿದ್ದು, ಆದರೂ ಉಪ್ಪೇ. ಕರಾವಳಿಯಲ್ಲಿ ಕೂತು ಇದರ ಮೇಲೆ ಕೆಲಸ ಮಾಡುವವರು ಮೊದಲು ತಲೆಗೆ ಹಾಕಿಕೊಳ್ಳಬೇಕಾದ್ದು ಇದನ್ನು.

ಈ ವಿಷಯದ ಬರಹಗಳಲ್ಲೆಲ್ಲ ಸೆನ್ಸಿಟಿವಿಟಿಯ, ಅಂದರೆ ಬಿದ್ದ ಕಿರಣಕ್ಕೆ ಹರಳು ಎಷ್ಟು ವಿದ್ಯುತ್ ಕೊಡುತ್ತದೆ ಎಂಬ ಅಂಕಿಯದೇ ಮೆರವಣಿಗೆ. ಕೈಯಾರೆ ಮಾಡಿ ನೋಡುವವರಿಗೆ ಅದು ಅಷ್ಟು ಮುಖ್ಯವಲ್ಲ. ಡಾರ್ಕ್ ಕರೆಂಟ್ (ಕಿರಣವಿಲ್ಲದಾಗಲೂ ಹರಿಯುವ ಕರೆಂಟು) ಎಷ್ಟು, ಅದು ಒಂದೆಡೆ ನಿಲ್ಲುತ್ತದೋ ಜಾರುತ್ತದೋ, ಅದರಲ್ಲಿ ಎಷ್ಟು ಪಾಲು ಹರಳಿನೊಳಗಿನಿಂದ ಬರುತ್ತದೆ, ಎಷ್ಟು ಒದ್ದೆ ಅಂಚಿನ ಮೇಲೆ ಹರಿದು ಬರುತ್ತದೆ: ಡಿಟೆಕ್ಟರ್ ಬದುಕುವುದೋ ಸಾಯುವುದೋ ಇಲ್ಲಿ ನಿರ್ಧಾರವಾಗುತ್ತದೆ.

ಯಾಕೆ ಈ ವಸ್ತು

ಪೆರೊವ್‌ಸ್ಕೈಟ್ ಎಂಬುದು ಮೂಲದಲ್ಲಿ ಕ್ಯಾಲ್ಸಿಯಂ ಟೈಟನೇಟ್ ಖನಿಜದ ಹೆಸರು. ಉರಾಲ್ ಪರ್ವತದಲ್ಲಿ ಸಿಕ್ಕಿದ ಅದನ್ನು ಗುಸ್ತಾವ್ ರೋಸ್ 1839ರಲ್ಲಿ ವಿವರಿಸಿದ. ಅದೇ ವಿನ್ಯಾಸದಲ್ಲಿ ಕ್ಯಾಲ್ಸಿಯಂ ಜಾಗಕ್ಕೆ ಸೀಸಿಯಂ ಅಥವಾ ಮೀಥೈಲ್ ಅಮೋನಿಯಂ, ಟೈಟಾನಿಯಂ ಜಾಗಕ್ಕೆ ಸೀಸ, ಆಮ್ಲಜನಕದ ಜಾಗಕ್ಕೆ ಬ್ರೋಮಿನ್ ಅಥವಾ ಅಯೊಡಿನ್ ಕೂರಿಸಿದರೆ ನಮಗೆ ಬೇಕಾದ ವಸ್ತು. ಸೀಸದ ಪರಮಾಣು ಸಂಖ್ಯೆ 82, ಸೀಸಿಯಂ 55, ಅಯೊಡಿನ್ 53. ಭಾರದ ಪರಮಾಣುಗಳೇ ತುಂಬಿರುವ ಕಾರಣ ಎಕ್ಸ್-ರೇ ಇದರಲ್ಲಿ ಬೇಗ ನಿಂತುಬಿಡುತ್ತದೆ. ಮೀಥೈಲ್ ಅಮೋನಿಯಂ ಲೆಡ್ ಬ್ರೋಮೈಡಿನ 1 ಮಿಮೀ ಹರಳು 50 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಕಿರಣದಲ್ಲಿ ಶೇ. 85ಕ್ಕಿಂತ ಹೆಚ್ಚನ್ನು ನುಂಗುತ್ತದೆ, 2 ಮಿಮೀ ಆದರೆ ಬಹುತೇಕ ಪೂರ್ತಿ.

ಹೋಲಿಕೆಗೆ ಮ್ಯಾಮೋಗ್ರಫಿ ಫಲಕಗಳಲ್ಲಿ ಬಳಕೆಯಲ್ಲಿರುವ ಅಮಾರ್ಫಸ್ ಸೆಲೆನಿಯಂ ನೋಡಿ. ಅದರ ಪರಮಾಣು ಸಂಖ್ಯೆ ಬರೀ 34. ಒಂದು ಎಲೆಕ್ಟ್ರಾನ್-ಹೋಲ್ ಜೋಡಿ (ಕಿರಣ ಬಿದ್ದಾಗ ಬಿಡುಗಡೆಯಾಗಿ ಸಿಗ್ನಲ್ಲಾಗುವ ಋಣ-ಧನ ಚಾರ್ಜಿನ ಜೋಡಿ) ಹುಟ್ಟಿಸಲು ಸುಮಾರು 50 ಎಲೆಕ್ಟ್ರಾನ್ ವೋಲ್ಟ್ ಖರ್ಚು, ಅದೂ ಮೈಕ್ರಾನಿಗೆ 10 ವೋಲ್ಟಿನಂತೆ ಒತ್ತಿದಾಗ. 200 ಮೈಕ್ರಾನ್ ಪದರಕ್ಕೆ 2000 ವೋಲ್ಟ್ ಆಯಿತು. ನಮ್ಮ ಬ್ರೋಮೈಡ್ ಹರಳಿಗೆ ಜೋಡಿಯೊಂದಕ್ಕೆ 6 ಎಲೆಕ್ಟ್ರಾನ್ ವೋಲ್ಟ್ ಆಸುಪಾಸು ಸಾಕು, ಕೆಲಸ ಹತ್ತಿಪ್ಪತ್ತು ವೋಲ್ಟಿನಲ್ಲೇ ನಡೆಯುತ್ತದೆ. ಇನ್ನು ಕ್ಯಾಡ್ಮಿಯಂ ಟೆಲ್ಯುರೈಡ್: ಫೋಟಾನ್ ಎಣಿಸುವ ಸಿಟಿ ಸ್ಕ್ಯಾನರುಗಳ ಒಳಗಿರುವುದು ಅದೇ, ಗುಣದಲ್ಲಿ ಎತ್ತಿದ ಕೈ. ಆದರೆ ಕರಗಬೇಕಾದರೆ 1092 ಡಿಗ್ರಿ. ಅಂಥ ಕುಲುಮೆ ಜಿಲ್ಲೆಯ ಯಾವ ಕಾಲೇಜಿಗೂ ಸುಲಭಕ್ಕೆ ಒದಗುವುದಲ್ಲ. ಪೆರೊವ್‌ಸ್ಕೈಟಿಗೆ ಬಿಸಿ ತಟ್ಟೆ, ಎಣ್ಣೆ ತೊಟ್ಟಿ, ಗಾಜಿನ ಶೀಶೆ ಸಾಕು. ಆಕರ್ಷಣೆ ಇರುವುದೂ ಅಲ್ಲೇ, ಮೋಸ ಹೋಗುವುದೂ ಅಲ್ಲೇ.

ಸೆನ್ಸಿಟಿವಿಟಿಗೆ ಒಂದು ಮಿತಿ ಇದೆ

ಸೆನ್ಸಿಟಿವಿಟಿ ಎಂದರೆ ಗಾಳಿಯಲ್ಲಿ ಅಳೆದ 1 ಗ್ರೇ ಡೋಸಿಗೆ ಹರಳಿನ 1 ಚದರ ಸೆಂಮೀ ಎಷ್ಟು ಮೈಕ್ರೊಕೂಲಂ ವಿದ್ಯುತ್ ಕೊಟ್ಟಿತು ಎಂಬುದು. ಇದರ ಗರಿಷ್ಠ ಮಿತಿಯನ್ನು ಹಾಳೆಯ ಮೇಲೆಯೇ ಲೆಕ್ಕ ಹಾಕಬಹುದು. 30 ಕಿಲೋ ಎಲೆಕ್ಟ್ರಾನ್ ವೋಲ್ಟಿನಲ್ಲಿ ಗಾಳಿಯ ಶಕ್ತಿ ಹೀರುವಿಕೆಯ ಗುಣಾಂಕ ಗ್ರಾಮಿಗೆ 0.154 ಚದರ ಸೆಂಮೀ. 1 ಗ್ರೇ ಅಂದರೆ ಗ್ರಾಮಿಗೆ 0.001 ಜೌಲ್. ಭಾಗಿಸಿದರೆ ಚದರ ಸೆಂಟಿಮೀಟರಿಗೆ 0.0065 ಜೌಲ್ ಶಕ್ತಿ ಬಂದು ಬಿದ್ದಿದೆ ಎಂದಾಯಿತು. ಅಷ್ಟನ್ನೂ ಹರಳು ನುಂಗಿ, ಜೋಡಿಗೆ 6 ಎಲೆಕ್ಟ್ರಾನ್ ವೋಲ್ಟಿನಂತೆ ಒಂದೂ ಬಿಡದೆ ತಂತಿಗೆ ತಲುಪಿಸಿದರೂ ಸಿಗುವುದು ಸುಮಾರು 1080 ಮೈಕ್ರೊಕೂಲಂ. 50 ಕಿಲೋ ಎಲೆಕ್ಟ್ರಾನ್ ವೋಲ್ಟಿನಲ್ಲಿ ಗುಣಾಂಕ 0.041ಕ್ಕೆ ಇಳಿಯುವುದರಿಂದ ಮಿತಿ 4000ದ ಆಸುಪಾಸಿಗೆ ಏರುತ್ತದೆ.

ಹಾಗಾದರೆ ಹತ್ತು ಸಾವಿರ, ಲಕ್ಷ ಎಂದು ಬರೆದ ಅಂಕಿಗಳು ಎಲ್ಲಿಂದ ಬಂದವು? ಗೇನ್‌ನಿಂದ. ಒಂದು ಬಗೆಯ ಚಾರ್ಜು ಹರಳಿನ ದೋಷದ ಗುಂಡಿಯಲ್ಲಿ ಸಿಕ್ಕಿಬಿದ್ದಿರುವಷ್ಟು ಹೊತ್ತೂ ಇನ್ನೊಂದು ಬಗೆಯದು ತಂತಿಯಿಂದ ಒಳಗೆ ಬಂದು, ದಾಟಿ, ಮತ್ತೆ ಬರುತ್ತಿರುತ್ತದೆ. ಎಣಿಕೆ ಹೆಚ್ಚುತ್ತದೆ, ಜೊತೆಗೆ ಗದ್ದಲವೂ. ಕಿರಣ ನಿಂತ ಮೇಲೂ ಕರೆಂಟು ಬಾಲದಂತೆ ಎಳೆಯುತ್ತದೆ. ಚಲಿಸುವ ಚಿತ್ರಕ್ಕೆ ಇದು ನಿರುಪಯೋಗಿ. 2016ರಲ್ಲಿ ಇದೇ ಬ್ರೋಮೈಡ್ ಹರಳಿಗೆ ವರದಿಯಾದ ಅಂಕಿ 80 ಮೈಕ್ರೊಕೂಲಂ, ಕಂಡುಹಿಡಿಯಬಲ್ಲ ಕನಿಷ್ಠ ಡೋಸ್ ಸೆಕೆಂಡಿಗೆ 0.5 ಮೈಕ್ರೊಗ್ರೇ. ಆಮೇಲೆ ಬಂದ ಎಷ್ಟೋ ದೊಡ್ಡ ಅಂಕಿಗಳಿಗಿಂತ ಈ 80 ನಂಬಿಕೆಗೆ ಅರ್ಹ.

ಡಾರ್ಕ್ ಕರೆಂಟಿನ ಲೆಕ್ಕ ನೋಡಿದರೆ ಹೊಟ್ಟೆಯಲ್ಲಿ ತಳಮಳವೇ. ಹರಳಿನ ರೆಸಿಸ್ಟಿವಿಟಿ 100 ಕೋಟಿ ಓಂ-ಸೆಂಮೀ ಎಂದುಕೊಳ್ಳಿ, ಈ ವಸ್ತುವಿಗೆ ಅದು ಒಳ್ಳೆಯದೇ. ದಪ್ಪ 2 ಮಿಮೀ, ಹಾಕಿದ್ದು 10 ವೋಲ್ಟ್. ಡಾರ್ಕ್ ಕರೆಂಟ್ ಚದರ ಸೆಂಟಿಮೀಟರಿಗೆ 50 ನ್ಯಾನೊಆಂಪಿಯರ್. ಇನ್ನು ಸಿಗ್ನಲ್: ವೈದ್ಯಕೀಯ ಚಿತ್ರಣಕ್ಕೆ ಮಾನದಂಡವಾಗಿ ಎಲ್ಲರೂ ಹಿಡಿಯುವ ಸೆಕೆಂಡಿಗೆ 5.5 ಮೈಕ್ರೊಗ್ರೇ ದರ, ಸೆನ್ಸಿಟಿವಿಟಿ 1000. ಗುಣಿಸಿದರೆ 5.5 ನ್ಯಾನೊಆಂಪಿಯರ್. ಅಂದರೆ ಸಿಗ್ನಲ್ಲು ಡಾರ್ಕ್ ಕರೆಂಟಿನ ಒಂಬತ್ತನೆಯ ಒಂದು ಪಾಲು! ಸ್ಥಿರವಾಗಿದ್ದರೆ ಕಳೆದುಬಿಡಬಹುದು. ಸ್ಥಿರವಾಗಿರುವುದಿಲ್ಲ. ಬ್ರೋಮಿನ್ ಅಯಾನುಗಳು ಖಾಲಿ ಜಾಗದಿಂದ ಖಾಲಿ ಜಾಗಕ್ಕೆ ಜಿಗಿಯುತ್ತ ನಿಧಾನಕ್ಕೆ ಒಂದು ಬದಿಗೆ ಸರಿಯುತ್ತವೆ, ಬೇಸ್‌ಲೈನು ನಿಮಿಷಕ್ಕೆ ಶೇ. 1ರಂತೆ ಜಾರಿದರೂ ಹತ್ತು ನಿಮಿಷದಲ್ಲಿ ಸಿಗ್ನಲ್ಲಿನಷ್ಟೇ ಸುಳ್ಳು ಸೇರಿರುತ್ತದೆ. ಫ್ಲಾಟ್ ಪ್ಯಾನೆಲ್ ಮಾಡುವವರು ಚದರ ಮಿಲಿಮೀಟರಿಗೆ 1ರಿಂದ 10 ಪಿಕೊಆಂಪಿಯರ್ ಒಳಗಿರಲಿ ಎನ್ನುತ್ತಾರೆ. ಮೇಲಿನ 50 ನ್ಯಾನೊ ಅಂದರೆ ಚದರ ಮಿಲಿಮೀಟರಿಗೆ 500 ಪಿಕೊ.

ವೋಲ್ಟೇಜ್ ಇಳಿಸಿದರೆ ಆಗದೇ? ಅಲ್ಲೂ ಬೇಲಿ ಇದೆ. ಹುಟ್ಟಿದ ಚಾರ್ಜು ಸಿಕ್ಕಿಬೀಳದೆ ಎಷ್ಟು ದೂರ ಹೋದೀತು ಎಂಬುದು ಮೊಬಿಲಿಟಿ (ಚಾರ್ಜು ಎಷ್ಟು ಸಲೀಸಾಗಿ ಸರಿಯುತ್ತದೆ), ಆಯುಷ್ಯ, ಫೀಲ್ಡ್ (ಸೆಂಟಿಮೀಟರಿಗೆ ಹಾಕಿದ ವೋಲ್ಟ್) ಈ ಮೂರರ ಗುಣಲಬ್ಧ. ಒಳ್ಳೆಯ ಹರಳಿನಲ್ಲಿ ಮೊದಲೆರಡರ ಗುಣಲಬ್ಧ ವೋಲ್ಟಿಗೆ 0.01 ಚದರ ಸೆಂಮೀ. ಸೆಂಟಿಮೀಟರಿಗೆ 50 ವೋಲ್ಟ್ ಹಾಕಿದರೆ 5 ಮಿಮೀ ಓಡುತ್ತದೆ, 2 ಮಿಮೀ ಹರಳಿಗೆ ಧಾರಾಳ. ಅವಸರದಲ್ಲಿ ಬೆಳೆಸಿದ, ಮೋಡ ಕಟ್ಟಿದ ಹರಳಿನಲ್ಲಿ ಅದೇ 0.0001ಕ್ಕೆ ಬಿದ್ದರೆ ಓಟ 0.05 ಮಿಮೀಗೆ ಮುಗಿಯಿತು. ಹೀಗಾಗಿ ಎಲ್ಲವೂ ಹರಳಿನ ಗುಣಕ್ಕೇ ಬಂದು ನಿಲ್ಲುತ್ತದೆ.

ಹರಳು ಬೆಳೆಸುವುದು

ಶಿರಸಿ ಕಡೆಯ ಮನೆಗಳಲ್ಲಿ ಜೋನಿಬೆಲ್ಲದ ಡಬ್ಬಿ ಚಳಿಗಾಲಕ್ಕೆ ತಳದಲ್ಲಿ ಹರಳುಗಟ್ಟುವುದು ಎಲ್ಲರಿಗೂ ಗೊತ್ತು: ತಣ್ಣಗಾದಂತೆ ಸಕ್ಕರೆ ಹೊರಬೀಳುತ್ತದೆ, ಬಿಸಿ ಮಾಡಿದರೆ ಮತ್ತೆ ಕರಗುತ್ತದೆ. ಲೆಡ್ ಬ್ರೋಮೈಡ್ ಪೆರೊವ್‌ಸ್ಕೈಟ್ ಡಿಎಂಎಫ್ (ಡೈಮೀಥೈಲ್ ಫಾರ್ಮಮೈಡ್) ದ್ರಾವಕದಲ್ಲಿ ಇದಕ್ಕೆ ತೀರ ಉಲ್ಟಾ. ಬಿಸಿ ಮಾಡಿದರೆ ಹರಳು, ತಣಿಸಿದರೆ ದ್ರಾವಣ. ಮುಂದಿನ ಅರ್ಧ ತಪ್ಪುಗಳು ಈ ಉಲ್ಟಾತನ ಮರೆತದ್ದರಿಂದಲೇ ಆಗುವಂಥವು.

10 ಮಿಲಿಲೀಟರ್ ಡಿಎಂಎಫ್‌ಗೆ ಮೀಥೈಲ್ ಅಮೋನಿಯಂ ಬ್ರೋಮೈಡ್ 1.12 ಗ್ರಾಂ, ಲೆಡ್ ಬ್ರೋಮೈಡ್ 3.67 ಗ್ರಾಂ. ಎರಡೂ 10 ಮಿಲಿಮೋಲ್. ಮೊದಲ ಎಡವಟ್ಟು ತಕ್ಕಡಿಯ ಮೇಲೆಯೇ. ಮೀಥೈಲ್ ಅಮೋನಿಯಂ ಬ್ರೋಮೈಡ್ ಮಳೆಗಾಲದಲ್ಲಿ ನೋಡನೋಡುತ್ತಲೇ ನೀರು ಎಳೆಯುತ್ತದೆ, ತಕ್ಕಡಿಯ ಕೊನೆಯ ಅಂಕಿ ಏರುತ್ತಲೇ ಇರುತ್ತದೆ. ಶೇ. 5 ನೀರು ಸೇರಿದರೂ ಸೀಸದ ಪಾಲು ಹೆಚ್ಚಾಗಿ ಹರಳಿನೊಳಗೆ ಮೋಡ ಕಟ್ಟುತ್ತದೆ. ಹಿಂದಿನ ರಾತ್ರಿಯೇ 60 ಡಿಗ್ರಿಗೆ ವ್ಯಾಕ್ಯೂಮ್ ಓವನ್ನಿನಲ್ಲಿಟ್ಟು ಒಣಗಿಸಿ, ಮುಚ್ಚಳವಿರುವ ಚಿಕ್ಕ ಶೀಶೆಯಲ್ಲಿ ತೂಗಿ, ದ್ರಾವಕವನ್ನು ಅದೇ ಶೀಶೆಗೆ ಸುರಿಯುವುದು ಸರಿಯಾದ ಕ್ರಮ. ಡಿಎಂಎಫ್ ಹಳೆಯದಾದರೆ ನೀರಿನೊಡನೆ ಸೇರಿ ಡೈಮೀಥೈಲ್ ಅಮೀನ್ ಮತ್ತು ಫಾರ್ಮಿಕ್ ಆಮ್ಲವಾಗಿ ಒಡೆಯುತ್ತದೆ. ಆ ಅಮೀನ್ ಹರಳಿನೊಳಕ್ಕೂ ನುಸುಳುತ್ತದೆ. ತೆರೆದು ತಿಂಗಳುಗಟ್ಟಲೆ ಇಟ್ಟ ಬಾಟಲಿ ಬೇಡ. ಅಂದಹಾಗೆ ಡಿಎಂಎಫ್ ಚರ್ಮದ ಮೂಲಕ ಒಳಸೇರುತ್ತದೆ, ಯಕೃತ್ತಿಗೆ ಕೆಟ್ಟದ್ದು. ತೆಳು ಗ್ಲೋವ್ಸನ್ನು ಬೇಗ ದಾಟಿಬಿಡುತ್ತದೆ, ಚೆಲ್ಲಿಕೊಂಡರೆ ತಕ್ಷಣ ಬದಲಿಸಬೇಕು.

ತಿಳಿಯಾಗುವವರೆಗೆ ಕಲಕಿ, 0.2 ಮೈಕ್ರಾನಿನ ಪಿಟಿಎಫ್‌ಇ (ಟೆಫ್ಲಾನ್) ಫಿಲ್ಟರಿನಲ್ಲಿ ಸೋಸಬೇಕು. ಸೋಸದಿದ್ದರೆ ಪ್ರತಿ ಧೂಳಿನ ಕಣವೂ ಒಂದೊಂದು ಹರಳಿಗೆ ಬೀಜವಾಗುತ್ತದೆ. ಶೀಶೆಯನ್ನು ಎಣ್ಣೆ ತೊಟ್ಟಿಯಲ್ಲಿ ಇಳಿಸಿ, ಒಮ್ಮೆಲೇ 80ಕ್ಕೆ ಏರಿಸಿದರೆ ಮೂರು ಗಂಟೆಯಲ್ಲಿ ಕೈತುಂಬ ಹರಳು ಸಿಗುತ್ತದೆ. ನೋಡಲು ಚಂದ, ಡಿಟೆಕ್ಟರಿಗೆ ಪ್ರಯೋಜನವಿಲ್ಲ. ಅದರಲ್ಲೇ 1–2 ಮಿಮೀ ಗಾತ್ರದ, ಅಂಚು ಚೂಪಾಗಿರುವ, ಬೆಳಕಿಗೆ ಹಿಡಿದರೆ ಒಳಗೆ ಬಿಳಿ ಎಳೆ ಕಾಣದ ಒಂದನ್ನು ಆರಿಸಿ ಹೊಸ ದ್ರಾವಣಕ್ಕೆ ಬೀಜವಾಗಿ ಹಾಕಬೇಕು. ಹೊಸ ದ್ರಾವಣ ಹರಳುಗಟ್ಟುವ ಅಂಚಿಗೆ, ಸುಮಾರು 55–60 ಡಿಗ್ರಿಗೆ, ಮೊದಲೇ ಬಂದಿರಬೇಕು. ತಣ್ಣನೆಯದಕ್ಕೆ ಹಾಕಿದರೆ ಬೀಜ ಕಣ್ಣೆದುರೇ ಮಾಯ. ಆಮೇಲೆ ಗಂಟೆಗೆ 1 ಡಿಗ್ರಿಗಿಂತ ಜೋರಾಗಿ ಏರಿಸುವುದು ಬೇಡ. ತಳದಲ್ಲಿ ಬೇರೆ ಪುಟ್ಟ ಹರಳುಗಳು ಏಳತೊಡಗಿದರೆ ದರ ಹೆಚ್ಚಾಯಿತೆಂದೇ ಅರ್ಥ.

ಇಲ್ಲಿ ಕರೆಂಟಿನ ಮಾತು ಬರುತ್ತದೆ. ಗಾಳಿಮಳೆಗೆ ಮರ ಬಿದ್ದು ಲೈನು ಹೋಗುವುದು ಘಟ್ಟದ ಮೇಲೂ ಕೆಳಗೂ ಮಾಮೂಲು. ಸಕ್ಕರೆ ಹರಳಿಗಾದರೆ ತಣ್ಣಗಾದದ್ದರಿಂದ ನಷ್ಟವಿಲ್ಲ. ಇದು ತಣ್ಣಗಾದರೆ ಎರಡು ದಿನ ಬೆಳೆದ ಹರಳಿನ ಮೂಲೆ ಮೊದಲು ಉರುಟಾಗುತ್ತದೆ, ಮುಖದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಸವೆತ ಕಾಣುತ್ತದೆ, ಮತ್ತೆ ಬಿಸಿಯಾದಾಗ ಆ ಸವೆದ ಜಾಗದಲ್ಲಿ ದ್ರಾವಣ ಸಿಕ್ಕಿಹಾಕಿಕೊಂಡು ಒಳಗೆ ಬಿಳಿ ಪೊರೆಯಾಗಿ ಉಳಿಯುತ್ತದೆ. ಅದು ಶಾಶ್ವತ. ತೊಟ್ಟಿಗೆ ಅರ್ಧ ಲೀಟರಿನ ಬದಲು ಎರಡು-ಮೂರು ಲೀಟರ್ ಸಿಲಿಕೋನ್ ಎಣ್ಣೆ ಹಾಕಿ, ಸುತ್ತ ಥರ್ಮೊಕೋಲ್ ಅಲ್ಲ, ಬಿಸಿ ತಾಳುವ ಗ್ಲಾಸ್ ವೂಲ್ ಸುತ್ತಿ, ಹೀಟರನ್ನು ಯುಪಿಎಸ್‌ಗೆ ಜೋಡಿಸುವುದು ಇಲ್ಲಿನ ಮಟ್ಟಿಗೆ ಐಷಾರಾಮವಲ್ಲ.

ತೆಗೆಯುವಾಗಲೂ ಅದೇ ಎಚ್ಚರ. ಹರಳಿಗೆ ಅಂಟಿದ ದ್ರಾವಣದ ಪೊರೆ ಹೊರಗೆ ಬಂದು ತಣ್ಣಗಾದ ಕೂಡಲೇ ಹರಳನ್ನೇ ತಿನ್ನುತ್ತದೆ. ಚಿಮುಟ, ಫಿಲ್ಟರ್ ಕಾಗದ ಎರಡನ್ನೂ ಮೊದಲೇ 70 ಡಿಗ್ರಿಗೆ ಬೆಚ್ಚಗೆ ಮಾಡಿಟ್ಟು, ತೆಗೆದ ಐದು ಸೆಕೆಂಡಿನೊಳಗೆ ಒರೆಸಿ, ಟಾಲ್ಯೂಯಿನ್‌ನಲ್ಲಿ ಅದ್ದಬೇಕು. ನೀರು, ಡಿಎಂಎಫ್ ಎರಡೂ ಹತ್ತಿರ ಸುಳಿಯಬಾರದು.

ಎಲೆಕ್ಟ್ರೋಡು, ಗಾರ್ಡ್ ರಿಂಗ್

ಎರಡು ಮುಖಗಳನ್ನು 2000, ಆಮೇಲೆ 5000 ನಂಬರಿನ ಕಾಗದದಲ್ಲಿ ಮಿನರಲ್ ಆಯಿಲ್ ಹಚ್ಚಿ ತಿಕ್ಕಿ ಸಮ ಮಾಡಬೇಕು. ಅಂಚಿನ ಬದಿಗಳನ್ನೂ ಬಿಡಬಾರದು, ಗೀರಿದ ಬದಿಯಲ್ಲಿ ತೇವ ಕೂರುತ್ತದೆ. ಎಲೆಕ್ಟ್ರೋಡಿಗೆ ಬೆಳ್ಳಿ ಪೇಸ್ಟ್ ಎಲ್ಲರ ಕೈಗೆ ಸಿಗುವಂಥದ್ದು, ಆದರೆ ಹ್ಯಾಲೈಡಿನೊಡನೆ ಬೆಳ್ಳಿ ಕೂಡಿ ಸಿಲ್ವರ್ ಬ್ರೋಮೈಡ್ ಅಥವಾ ಅಯೊಡೈಡ್ ಆಗಿ ವಾರದಲ್ಲಿ ಸಂಪರ್ಕ ಕೆಡುತ್ತದೆ. ಅಲ್ಯುಮಿನಿಯಮ್ಮಿನದೂ ಅದೇ ಹಣೆಬರಹ. ಕಾರ್ಬನ್ ಪೇಸ್ಟ್ ಅಗ್ಗ, ತಾಳುತ್ತದೆ. ಸೌಲಭ್ಯವಿದ್ದರೆ ಚಿನ್ನ ಆವಿಯಾಗಿಸಿ ಹಚ್ಚಬಹುದು.

ಆಮೇಲೆ ಬರುವುದು ಕರಾವಳಿಯಲ್ಲಿ ಬಿಟ್ಟರೆ ಆಗದ ಭಾಗ. ಎಲೆಕ್ಟ್ರೋಡ್ 3 ಮಿಮೀ ವ್ಯಾಸದ ಬಿಲ್ಲೆ ಎಂದಿಟ್ಟುಕೊಂಡರೆ ಮೇಲಿನ ಲೆಕ್ಕದ ಹರಳಿನ ಒಳರೋಧ ಸುಮಾರು 280 ಕೋಟಿ ಓಂ. ಕೇಳಲು ದೊಡ್ಡದು. ಆದರೆ ಶೇ. 85 ತೇವಾಂಶದಲ್ಲಿ ಹರಳಿನ ಬದಿಯ ಮೇಲೆ ನೀರಿನ ಅಣುಗಳ ಪದರ ಕೂತಿರುತ್ತದೆ. ಸಮುದ್ರದ ಗಾಳಿ ತಂದ ಉಪ್ಪಿನ ಸೂಕ್ಷ್ಮ ಕಣ ಅದರಲ್ಲಿ ಕರಗಿ, ಆ ಪದರವೇ ಒಂದು ತಂತಿಯಂತಾಗುತ್ತದೆ. ಅದರ ರೋಧ 280 ಕೋಟಿಗಿಂತ ಕೆಳಗಿಳಿದ ಗಳಿಗೆಯಿಂದ ನಿಮ್ಮ ಮೀಟರು ಓದುತ್ತಿರುವುದು ಹರಳನ್ನಲ್ಲ, ಹವಾಮಾನವನ್ನು.

ತೋಟಕ್ಕೆ ಗುಡ್ಡದ ಒರತೆ ನುಗ್ಗದಂತೆ ಸುತ್ತ ಬಸಿಗಾಲುವೆ ತೆಗೆಯುತ್ತೇವಲ್ಲ, ಗಾರ್ಡ್ ರಿಂಗ್ ಅಂಥದ್ದು. ನಡುವೆ 3 ಮಿಮೀ ಬಿಲ್ಲೆ, 0.3 ಮಿಮೀ ಖಾಲಿ ಬಿಟ್ಟು ಸುತ್ತಲೂ 1 ಮಿಮೀ ಅಗಲದ ಉಂಗುರ. ಕ್ಯಾಪ್ಟಾನ್ (ಪಾಲಿಇಮೈಡ್) ಟೇಪನ್ನು ಕತ್ತರಿಸಿ ಮಾಸ್ಕ್ ಮಾಡಿಕೊಂಡರೆ ಕಾರ್ಬನ್ ಪೇಸ್ಟಿನಲ್ಲೇ ಇದನ್ನು ಮಾಡಬಹುದು. ನಡುವಿನ ಬಿಲ್ಲೆ ಪಿಕೊಆಮ್ಮೀಟರಿನ ಇನ್‌ಪುಟ್ಟಿಗೆ, ಉಂಗುರ ಅದೇ ವೋಲ್ಟೇಜಿನ ಗ್ರೌಂಡಿಗೆ, ವೋಲ್ಟೇಜು ಕೆಳಮುಖಕ್ಕೆ. ಬದಿಯ ಮೇಲೆ ಹರಿದು ಬಂದದ್ದೆಲ್ಲ ಉಂಗುರದಲ್ಲೇ ಬಸಿದು ಹೋಗುತ್ತದೆ. ಉಂಗುರವಿಲ್ಲದ ಹಳೆ ಹರಳು ಕೈಯಲ್ಲಿದ್ದರೆ ಒಂದು ಉಪಾಯ: ಬೇರೆ ಬೇರೆ ವ್ಯಾಸದ ಎಲೆಕ್ಟ್ರೋಡ್ ಹಾಕಿ ಡಾರ್ಕ್ ಕರೆಂಟ್ ಅಳೆಯಿರಿ. ವ್ಯಾಸದ ವರ್ಗಕ್ಕೆ ಅನುಗುಣವಾಗಿ ಏರಿದರೆ ಒಳಗಿನದು, ಬರೀ ವ್ಯಾಸಕ್ಕೆ ಅನುಗುಣವಾಗಿ ಏರಿದರೆ ಮೇಲ್ಮೈಯದು.

ಅಳೆಯುವಾಗ

ಹರಳು ಬೆಳಕಿಗೆ ಎಕ್ಸ್-ರೇಗಿಂತ ಹೆಚ್ಚು ಕುಣಿಯುತ್ತದೆ. ಮೊಬೈಲಿನ ಟಾರ್ಚು ಸೋಕಿದರೂ ಸಿಗ್ನಲ್ಲು ಮುಳುಗಿಹೋಗುತ್ತದೆ. ಮುಚ್ಚಿದ ಲೋಹದ ಡಬ್ಬಿ, ಕಿರಣ ಬರುವ ಕಿಟಕಿಗೆ ಎರಡು ಪದರ ಅಲ್ಯುಮಿನಿಯಂ ಫಾಯಿಲ್, ಟ್ರಯಾಕ್ಸ್ ಕೇಬಲ್ (ಒಳತಂತಿಗೆ ಎರಡು ಸುತ್ತು ಲೋಹದ ಕವಚವಿರುವುದು), ಟೆಫ್ಲಾನ್ ಕಾಲುಗಳು. ಕೇಬಲ್ಲನ್ನು ಅಲುಗಾಡಿಸಿದರೂ ಪಿಕೊಆಂಪಿಯರ್ ಹುಟ್ಟುತ್ತದೆ, ಟೇಪಿನಲ್ಲಿ ಬಿಗಿದುಬಿಡಿ.

ಹರಳಿಲ್ಲದೆಯೇ ಒಮ್ಮೆ ಇಡೀ ಪ್ರಯೋಗ ಮಾಡುವುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕಿರಣ ಬಿದ್ದಾಗ ತಂತಿಯ ಸುತ್ತಲಿನ ಗಾಳಿಯೂ ಅಯಾನೀಕರಣಗೊಂಡು ಕರೆಂಟು ಕೊಡುತ್ತದೆ. 1 ಘನ ಸೆಂಮೀ ಗಾಳಿಗೆ 1 ಗ್ರೇ ಬಿದ್ದರೆ ಸುಮಾರು 35 ನ್ಯಾನೊಕೂಲಂ. ಟ್ಯೂಬಿನ ಹತ್ತಿರ ದರ ಸೆಕೆಂಡಿಗೆ 1 ಮಿಲಿಗ್ರೇ ಇದ್ದರೆ ಘನ ಸೆಂಟಿಮೀಟರಿಗೆ 35 ಪಿಕೊಆಂಪಿಯರ್. ಪಿಕೊಆಂಪಿಯರಿನ ಮಾತಾಡುವ ಪ್ರಬಂಧಕ್ಕೆ ಇಷ್ಟು ಸಾಕು ಹಾಳಾಗಲು. ಬೋಳು ತಂತಿಗೆ ಪ್ಯಾರಾಫಿನ್ ಮೇಣ ಹಚ್ಚಿ, ಕಿರಣವನ್ನು ಸೀಸದ ತೂತಿನಿಂದ ಹರಳಿನಷ್ಟೇ ಅಗಲಕ್ಕೆ ಕಟ್ಟಿಹಾಕಬೇಕು.

ವೋಲ್ಟೇಜ್ ಹಾಕಿದ ಮೇಲೆ ಕನಿಷ್ಠ ಅರ್ಧ ಗಂಟೆ ಕಾಯಿರಿ, ಅಯಾನುಗಳು ಒಂದು ನೆಲೆಗೆ ಬರಲಿ. ವೋಲ್ಟೇಜನ್ನು ಏರಿಸುತ್ತಾ ಇಳಿಸುತ್ತಾ ಸರಸರನೆ ತೆಗೆದ ಗೆರೆ ಎರಡು ದಿಕ್ಕಿನಲ್ಲಿ ಬೇರೆ ಬೇರೆ ಬಂದರೆ ಅದು ಉಪಕರಣದ ದೋಷವಲ್ಲ, ಅಯಾನಿನ ಓಡಾಟ. ಡೋಸನ್ನು ಹರಳಿದ್ದ ಜಾಗದಲ್ಲೇ ಅಯಾನೀಕರಣ ಚೇಂಬರಿಟ್ಟು ಅಳೆಯಬೇಕು, ಟ್ಯೂಬಿನ ಮಿಲಿಆಂಪಿಯರಿನಿಂದ ಊಹಿಸಬಾರದು. ಕನಿಷ್ಠ ಡೋಸ್ ಎಂದರೆ ಸಿಗ್ನಲ್ಲು ಗದ್ದಲದ ಮೂರು ಪಟ್ಟಿರುವ ಡೋಸ್. ಆ ಡೋಸನ್ನೇ ಕೊಟ್ಟು ನೋಡಬೇಕೇ ಹೊರತು ಮೇಲಿಂದ ಗೆರೆ ಎಳೆದು ತೋರಿಸುವುದು ಒಪ್ಪುವಂಥದ್ದಲ್ಲ.

ವೇಗ ನೋಡಲು ಹಳೆಯ ಮಾದರಿಯ ಹಲ್ಲಿನ ಎಕ್ಸ್-ರೇ ಟ್ಯೂಬು ಒಳ್ಳೆಯದು. ಅದು ಎಸಿ ಮೇಲೆಯೇ ಓಡಿ ಸೆಕೆಂಡಿಗೆ 50 ಬಡಿತ ಕೊಡುತ್ತದೆ. ಆಸಿಲೋಸ್ಕೋಪಿನಲ್ಲಿ 50 ಹಲ್ಲು ಸ್ಪಷ್ಟವಾಗಿ ಎದ್ದು ಬುಡ ಮುಟ್ಟಿದರೆ ಹರಳು ಚುರುಕು. ಹಲ್ಲುಗಳೆಲ್ಲ ಕೂಡಿಕೊಂಡು ಗುಡ್ಡದಂತೆ ಕಂಡರೆ ಮೇಲೆ ಹೇಳಿದ ಗೇನ್ ಕೆಲಸ ಮಾಡುತ್ತಿದೆ. ಎಕ್ಸ್-ರೇ ಹೊರಡಿಸುವ ಯಾವ ಯಂತ್ರಕ್ಕೂ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು, ಅರ್ಜಿ ಈ-ಲೋರಾ ಜಾಲತಾಣದಲ್ಲಿ. ಗುಜರಿಯಿಂದ ಟ್ಯೂಬು ತಂದು ಕೋಣೆಯಲ್ಲಿ ಹಚ್ಚುವುದು ಕಾನೂನಿಗೂ ಮೈಗೂ ಒಗ್ಗುವುದಿಲ್ಲ.

ತೇವಾಂಶದ ಪರೀಕ್ಷೆ

ಇದಕ್ಕೆ ದುಬಾರಿ ಚೇಂಬರ್ ಬೇಡ. ಗಾಳಿಯಾಡದ ಡಬ್ಬಿಯಲ್ಲಿ ಉಪ್ಪಿನ ಸಂತೃಪ್ತ ದ್ರಾವಣ ಇಟ್ಟರೆ ತೇವಾಂಶ ತಾನಾಗಿ ಸ್ಥಿರವಾಗುತ್ತದೆ: ಲಿಥಿಯಂ ಕ್ಲೋರೈಡಿಗೆ ಶೇ. 11, ಮೆಗ್ನೀಸಿಯಂ ಕ್ಲೋರೈಡಿಗೆ 33, ಸೋಡಿಯಂ ಕ್ಲೋರೈಡಿಗೆ 75, ಪೊಟ್ಯಾಸಿಯಂ ಕ್ಲೋರೈಡಿಗೆ 84. ತಳದಲ್ಲಿ ಕರಗದ ಉಪ್ಪು ಉಳಿದಿರಬೇಕು, ಅದೇ ಗುರುತು. ಸೋಡಿಯಂ ಕ್ಲೋರೈಡ್ ಲ್ಯಾಬಿನ ಶುದ್ಧದ್ದೇ ಆಗಲಿ. ಸಾಣಿಕಟ್ಟಾದ ಉಪ್ಪು ಉಪ್ಪಿನಕಾಯಿಗೆ ಶ್ರೇಷ್ಠ, ಇಲ್ಲಿ ಮೆಗ್ನೀಸಿಯಮ್ಮಿನಿಂದಾಗಿ ಅಂಕಿ ಕೆಡಿಸುತ್ತದೆ. ಒಂದೇ ಹರಳನ್ನು 11, 33, 75, 84ರಲ್ಲಿ ಒಂದೊಂದು ದಿನ ಇಟ್ಟು ಗಾರ್ಡ್ ರಿಂಗ್ ಜೋಡಿಸಿ ಒಮ್ಮೆ, ಬಿಡಿಸಿ ಒಮ್ಮೆ ಡಾರ್ಕ್ ಕರೆಂಟ್ ಅಳೆದರೆ ಎಲ್ಲವೂ ಬಯಲಾಗುತ್ತದೆ.

ಕಣ್ಣಿಗೂ ಕಾಣುತ್ತದೆ. ಅಯೊಡೈಡ್ ಹರಳು ಕಪ್ಪು. ನೀರು ತಾಗಿ ಮೊದಲು ಹೈಡ್ರೇಟ್ ಆಗಿ ಮಸುಕಾಗುತ್ತದೆ, ಕೊನೆಗೆ ಲೆಡ್ ಅಯೊಡೈಡಿನ ಅರಿಶಿನ ಬಣ್ಣ. ಸೀಸಿಯಂ ಲೆಡ್ ಬ್ರೋಮೈಡ್ ಕಿತ್ತಳೆ. ನೀರು ಅದರಲ್ಲಿನ ಸೀಸಿಯಂ ಬ್ರೋಮೈಡನ್ನು ಕರಗಿಸಿ ಎಳೆದುಕೊಂಡಾಗ ಮುಖದ ಮೇಲೆ ಬಿಳಿ ಬೂದಿಯಂಥ ಪೊರೆ ಉಳಿಯುತ್ತದೆ, ಅದು ಸೀಸ ಹೆಚ್ಚಿರುವ ಬೇರೆಯೇ ಸಂಯುಕ್ತ.

ಪ್ಯಾಕಿಂಗ್ ಬಗ್ಗೆ ಒಂದು ಭ್ರಮೆ ವ್ಯಾಪಕ. ಪಿಡಿಎಂಎಸ್ ಸಿಲಿಕೋನ್ ಸುರಿದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಅದು ದ್ರವ ನೀರನ್ನು ತಡೆಯುತ್ತದೆ, ಆವಿಯನ್ನು ಧಾರಾಳವಾಗಿ ಬಿಡುತ್ತದೆ. ಗ್ಲಾಸಿನ ನೀರಿನಲ್ಲಿ ಅದ್ದಿ ತೋರಿಸಿದ ಪ್ರಯೋಗ ಕಾರವಾರದ ಮಳೆಗಾಲಕ್ಕೆ ಸಾಕ್ಷಿಯಲ್ಲ. ತೆಳು ಗಾಜಿನ ಹಾಳೆ, ಅಂಚಿಗೆ ಬ್ಯುಟೈಲ್ ರಬ್ಬರಿನ ಸೀಲು, ಒಳಗೆ ಚಿಟಿಕೆ ಸಿಲಿಕಾ ಜೆಲ್: ಇದು ನಿಲ್ಲುತ್ತದೆ. ಸಿಲಿಕಾ ಜೆಲ್ಲನ್ನು ಹಾಕುವ ಮೊದಲು 120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸದಿದ್ದರೆ ಅದು ತಾನೇ ನೀರಿನ ಮೂಲವಾಗುತ್ತದೆ. ಮಳೆಗಾಲದಲ್ಲಿ ಒಣಗಿದ ಅಡಿಕೆ ಮೆತ್ತಗಾಗುವುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿಗೆ ಯಾವುದು ಹೊಂದುತ್ತದೆ

ಕಲಿಯಲು ಮೀಥೈಲ್ ಅಮೋನಿಯಂ ಲೆಡ್ ಬ್ರೋಮೈಡ್ ಹರಳು ಸರಿ. ಆದರೆ ಕರಾವಳಿಯಲ್ಲಿ ಬಾಳಬೇಕಾದ ಡಿಟೆಕ್ಟರಿಗೆ ಬಿಸ್ಮತ್ ಕಡೆಗೆ ತಿರುಗುವುದು ಜಾಣತನ. ಸೀಸಿಯಂ ಸಿಲ್ವರ್ ಬಿಸ್ಮತ್ ಬ್ರೋಮೈಡಿನಲ್ಲಿ ಸೀಸವಿಲ್ಲ, ಸಾವಯವ ಭಾಗವಿಲ್ಲ, ರೋಧ ಹೆಚ್ಚು, ಅಯಾನಿನ ಓಡಾಟ ಕಡಿಮೆ. 2017ರಲ್ಲಿ ಇದರ ಹರಳಿನಿಂದ ಸೆಕೆಂಡಿಗೆ 59.7 ನ್ಯಾನೊಗ್ರೇವರೆಗೆ ಕಂಡುಹಿಡಿದದ್ದು ವರದಿಯಾಗಿದೆ. ಸೆನ್ಸಿಟಿವಿಟಿ ಬರೀ 105 ಮೈಕ್ರೊಕೂಲಂ, ಆದರೂ ಕನಿಷ್ಠ ಡೋಸು ಇಷ್ಟು ಕೆಳಗಿಳಿದದ್ದು ಡಾರ್ಕ್ ಕರೆಂಟ್ ತಗ್ಗಿದ್ದರಿಂದ. ಬೆಳೆಸುವುದು ಹೈಡ್ರೊಬ್ರೋಮಿಕ್ ಆಮ್ಲದಲ್ಲಿ: ಸೀಸಿಯಂ ಬ್ರೋಮೈಡ್, ಸಿಲ್ವರ್ ಬ್ರೋಮೈಡ್, ಬಿಸ್ಮತ್ ಬ್ರೋಮೈಡ್ 2:1:1 ಮೋಲ್ ಪ್ರಮಾಣದಲ್ಲಿ, ಬಿಗಿಯಾಗಿ ಮುಚ್ಚಿದ ಶೀಶೆಯಲ್ಲಿ 110 ಡಿಗ್ರಿಗೆ ಕರಗಿಸಿ ಗಂಟೆಗೆ 1 ಡಿಗ್ರಿಯಂತೆ ಇಳಿಸುವುದು. ಇದು ಜೋನಿಬೆಲ್ಲದ ಜಾತಿ, ತಣ್ಣಗಾದರೆ ಹರಳು. ಕರೆಂಟು ಹೋದರೆ ಕರಗುವುದಿಲ್ಲ, ಬದಲಿಗೆ ಒಮ್ಮೆಲೇ ನೂರು ಸಣ್ಣ ಹರಳು ಬೀಳುತ್ತವೆ. ಸಿಲ್ವರ್ ಬ್ರೋಮೈಡನ್ನು ಮಂದ ಬೆಳಕಿನಲ್ಲಿ ತೂಗಿ, ಕಪ್ಪಗಾದದ್ದು ಕೆಲಸಕ್ಕೆ ಬಾರದು.

ಚಿತ್ರ ತೆಗೆಯುವುದು

ಒಂದು ಹರಳು ಒಂದು ಬಿಂದು ಅಷ್ಟೇ. ಎದೆಯ ಎಕ್ಸ್-ರೇಗೆ 43 ಸೆಂಮೀ ಚೌಕದ ಫಲಕ ಬೇಕು, ಅಷ್ಟು ದೊಡ್ಡ ಹರಳು ಯಾರೂ ಬೆಳೆಸುವುದಿಲ್ಲ. ಅದಕ್ಕೇ ಪೇಸ್ಟಿನಂತೆ ಹಚ್ಚುವ ದಾರಿ. 2017ರಲ್ಲಿ ಸ್ಯಾಮ್‌ಸಂಗ್ ಸಂಶೋಧಕರಿದ್ದ ತಂಡ 830 ಮೈಕ್ರಾನ್ ದಪ್ಪಕ್ಕೆ ಅಯೊಡೈಡ್ ಪೆರೊವ್‌ಸ್ಕೈಟನ್ನು ಟಿಎಫ್‌ಟಿ ಫಲಕದ (ಪ್ರತಿ ಬಿಂದುವಿಗೂ ಪುಟ್ಟ ಟ್ರಾನ್ಸಿಸ್ಟರ್ ಇರುವ ಗಾಜಿನ ಫಲಕ) ಮೇಲೆ ಹಚ್ಚಿ 10 ಸೆಂಮೀ ಚೌಕದ ಚಿತ್ರ ತೋರಿಸಿತು. ಟಿಎಫ್‌ಟಿ ಫಲಕ ಕೈಗೆ ಸಿಗದವರಿಗೆ ಹೊಳೆಯುವ ಪರದೆ ಮತ್ತು ಕ್ಯಾಮೆರಾ ಸಾಕು.

ಪರದೆಗೆ ಟೆಟ್ರಾಫಿನೈಲ್ ಫಾಸ್ಫೋನಿಯಂ ಮ್ಯಾಂಗನೀಸ್ ಬ್ರೋಮೈಡ್ ಸಲೀಸು. ಕಟ್ಟುನಿಟ್ಟಾಗಿ ಹೇಳಿದರೆ ಪೆರೊವ್‌ಸ್ಕೈಟ್ ಅಲ್ಲ, ಹತ್ತಿರದ ನೆಂಟ; ಸೀಸವಿಲ್ಲ, ಎಕ್ಸ್-ರೇ ಬಿದ್ದರೆ ಎಳೆಹಸಿರು ಹೊಳಪು. ಫಾಸ್ಫೋನಿಯಂ ಬ್ರೋಮೈಡ್ 0.84 ಗ್ರಾಂ, ಮ್ಯಾಂಗನೀಸ್ ಬ್ರೋಮೈಡ್ 0.215 ಗ್ರಾಂ, ಅಂದರೆ 2:1 ಮೋಲ್. ಮ್ಯಾಂಗನೀಸ್ ಬ್ರೋಮೈಡ್ ಇಲ್ಲಿನ ಗಾಳಿಗೆ ಗುಲಾಬಿ ಪಾಕವಾಗಿಬಿಡುತ್ತದೆ, ಬಾಟಲಿ ತೆರೆದ ದಿನವೇ ಮುಗಿಸಬೇಕು. ಇವೆರಡೂ ಕೂಡಿ ಆದ ಹರಳನ್ನು ನುಣ್ಣಗೆ ಅರೆದು, ಅಷ್ಟೇ ತೂಕದ ಪಿಡಿಎಂಎಸ್‌ನಲ್ಲಿ ಕಲಸಿ, ವ್ಯಾಕ್ಯೂಮ್‌ನಲ್ಲಿ ಗುಳ್ಳೆ ತೆಗೆದು, ಎರಡು ಬದಿ ಟೇಪಿನ ಪಟ್ಟಿ ಇಟ್ಟು ಗಾಜಿನ ಮೇಲೆ 200 ಮೈಕ್ರಾನಿಗೆ ಎಳೆಯಿರಿ. ಪರದೆಯ ದಪ್ಪದಷ್ಟೇ ಬೆಳಕು ಅಕ್ಕಪಕ್ಕ ಹರಡುತ್ತದೆಂಬುದು ಮೋಟು ಲೆಕ್ಕ. ದಪ್ಪ ಮಾಡಿದರೆ ಬೆಳಕು ಹೆಚ್ಚು, ಅಂಚು ಮಸುಕು. ಹೊಳಪು ಆರಲು ನೂರಾರು ಮೈಕ್ರೊಸೆಕೆಂಡ್ ಹಿಡಿಯುವುದರಿಂದ ನಿಂತ ಚಿತ್ರಕ್ಕೆ ಮಾತ್ರ.

ಕತ್ತಲ ಡಬ್ಬಿಯಲ್ಲಿ ಪರದೆಯ ಹಿಂದೆ 45 ಡಿಗ್ರಿಗೆ ಕನ್ನಡಿ, ಬದಿಯಲ್ಲಿ ಕ್ಯಾಮೆರಾ. ಕಿರಣದ ನೇರಕ್ಕೆ ಕ್ಯಾಮೆರಾ ಇಟ್ಟರೆ ಚಿತ್ರದ ತುಂಬ ಬಿಳಿ ಚುಕ್ಕೆ, ಲೆನ್ಸಿನ ಗಾಜೂ ಕಂದುಗಟ್ಟುತ್ತದೆ. ಪ್ರತಿ ಚಿತ್ರದ ಜೊತೆ ಕಿರಣವಿಲ್ಲದ ಒಂದು, ವಸ್ತುವಿಲ್ಲದ ಒಂದು ತೆಗೆದು ಮೊದಲನೆಯದನ್ನು ಕಳೆದು ಎರಡನೆಯದರಿಂದ ಭಾಗಿಸಿದರೆ ಪರದೆಯ ಏರುತಗ್ಗು ಹೋಗುತ್ತದೆ. ಸ್ಪಷ್ಟತೆ ಅಳೆಯಲು ಟಂಗ್‌ಸ್ಟನ್ ತಗಡಿನ ನೇರ ಅಂಚನ್ನು 2–3 ಡಿಗ್ರಿ ವಾಲಿಸಿಟ್ಟು ಎಂಟಿಎಫ್ (ಸೂಕ್ಷ್ಮ ವಿವರ ಚಿತ್ರದಲ್ಲಿ ಎಷ್ಟು ಉಳಿಯುತ್ತದೆ ಎಂಬುದರ ಅಳತೆ) ತೆಗೆಯಿರಿ. ಬೆರಳಿನ ಮೂಳೆಯ ಚಿತ್ರ ಬೇಕೆನಿಸಿದರೆ ಬಂಗುಡೆಯದು ಸಾಕು, ಸ್ವಂತ ಬೆರಳು ಬೇಡವೇ ಬೇಡ.

ಸೀಸದ ಬಗ್ಗೆ ಎರಡು ಮಾತು. 43 ಸೆಂಮೀ ಚೌಕದ 1 ಮಿಮೀ ಬ್ರೋಮೈಡ್ ಫಲಕದಲ್ಲಿ ಸುಮಾರು 300 ಗ್ರಾಂ ಸೀಸ. ಎಕ್ಸ್-ರೇ ಕೋಣೆಯ ಏಪ್ರನ್ನಿನಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ ಎಂದು ಸಮಾಧಾನ ಹೇಳುವವರಿದ್ದಾರೆ. ಏಪ್ರನ್ನಿನ ಸೀಸ ನೀರಿಗೆ ಕರಗುವುದಿಲ್ಲ, ಲೆಡ್ ಬ್ರೋಮೈಡ್ 100 ಮಿಲಿಲೀಟರಿಗೆ 1 ಗ್ರಾಮಿನಷ್ಟು ಕರಗುತ್ತದೆ. ಚಿರೇಕಲ್ಲಿನ ನೆಲ ಜರಡಿಯಂತೆ, ಸಿಂಕಿಗೆ ಚೆಲ್ಲಿದ್ದು ನಾಳೆ ಯಾರದೋ ಬಾವಿಯಲ್ಲಿರುತ್ತದೆ. ತೊಳೆದ ನೀರು, ಒರೆಸಿದ ಕಾಗದ, ತಿಕ್ಕಿದ ಎಣ್ಣೆ, ಗ್ಲೋವ್ಸು ಎಲ್ಲವೂ ಹೆಸರು, ತಾರೀಕು ಬರೆದ ಪ್ಲಾಸ್ಟಿಕ್ ಡ್ರಮ್ಮಿಗೆ. ಡ್ರಮ್ಮು ನೆಲದಿಂದ ಒಂದಡಿ ಮೇಲಿರಲಿ, ಮಳೆ ನೀರು ಒಳಬಂದರೂ ತಾಗದಷ್ಟು.